ಮನೆ ಬಾಗಿಲಿಗೆ ಬ್ಯಾಂಕು ತಂದ ವೈದ್ಯ: ಡಾ. ಟಿ.ಎಂ.ಎ. ಪೈ

ಮುಂಬಯಿ, ಪುಣೆಯ ಬೀಡಾ ಅಂಗಡಿ, ಮೀನು ಮಾರುಕಟ್ಟೆ, ತರಕಾರಿ ಗಾಡಿಗಳ ಬಳಿಗೆ ದಿನವೂ ಚೀಲ ಹಿಡಿದು ಬರುವ ಪಿಗ್ಮಿ ಏಜೆಂಟರನ್ನು ತಿಳಿಯದವರು ವಿರಳ. ಇಲ್ಲಿನ ಕ್ರೆಡಿಟ್ ಸೊಸೈಟಿಗಳಲ್ಲಿ ಪಿಗ್ಮಿ ಎಂಬ ಮಾತು ಮರಾಠಿಯದೇ ಎನ್ನುವಷ್ಟು ಬಳಕೆಯಲ್ಲಿದೆ. ಆದರೆ ಈ ಪದ್ಧತಿ ರೂಪುಗೊಂಡದ್ದು ನಮ್ಮ ಉಡುಪಿಯಲ್ಲಿ, 1928ರಲ್ಲಿ. ಅದರ ಹಿಂದೆ ಇದ್ದವರು ಡಾ. ತೋನ್ಸೆ ಮಾಧವ ಅನಂತ ಪೈ.

1898ರ ಎಪ್ರಿಲ್ 30ರಂದು ಉಡುಪಿ ಸಮೀಪದ ಕಲ್ಯಾಣಪುರದಲ್ಲಿ ಜನಿಸಿದ ಪೈಯವರು ಮದ್ರಾಸಿನಲ್ಲಿ ವೈದ್ಯಕೀಯ ಪದವಿ ಪಡೆದು ಊರಿಗೆ ಮರಳಿದರು. ದಕ್ಷಿಣ ಕನ್ನಡ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಕೈಮಗ್ಗ ಉದ್ಯಮ ಬಿಕ್ಕಟ್ಟಿಗೆ ಸಿಲುಕಿ ನೇಕಾರರು ಕಂಗಾಲಾಗಿದ್ದ ಕಾಲ ಅದು. ಅವರಿಗೆ ಸಾಲ ಒದಗಿಸುವ ಸಲುವಾಗಿ ಪೈಯವರು, ವ್ಯಾಪಾರಿಯಾಗಿದ್ದ ಅಣ್ಣ ಉಪೇಂದ್ರ ಅನಂತ ಪೈ ಹಾಗೂ ಇಂಜಿನಿಯರ್ ವಾಮನ ಶ್ರೀನಿವಾಸ ಕುಡ್ವರೊಡನೆ ಸೇರಿ 1925ರಲ್ಲಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಸ್ಥಾಪಿಸಿದರು. ಬಂಡವಾಳ ಕೇವಲ 8,000 ರೂಪಾಯಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ದೇಶಕ್ಕೆಲ್ಲ ಪರಿಚಯವಾದದ್ದು ಇದೇ ಸಂಸ್ಥೆ.

ಸಾಲ ಕೊಡಲು ಠೇವಣಿ ಬೇಕು. ಠೇವಣಿ ಇಡಬೇಕಾದವರು ದಿನಗೂಲಿಯವರು, ನೇಕಾರರು, ಸಣ್ಣ ಅಂಗಡಿಯವರು. ಅವರ ಕೈಯಲ್ಲಿ ತಿಂಗಳ ಕೊನೆಗೆ ಹಣ ಉಳಿಯುವುದಿಲ್ಲ. ಬ್ಯಾಂಕು ತೆರೆದಿರುವ ಹೊತ್ತಿನಲ್ಲಿ ಕೆಲಸ ಬಿಟ್ಟು ಹೋದರೆ ಅಂದಿನ ಸಂಪಾದನೆಗೇ ಕತ್ತರಿ. ಓದು ಬರಹ ಬಾರದವರಿಗೆ ಬ್ಯಾಂಕಿನ ಮೆಟ್ಟಿಲು ಹತ್ತಲೂ ಅಳುಕು.

ಇದಕ್ಕೆ ಕಂಡುಕೊಂಡ ಉಪಾಯ ಸರಳವಾಗಿತ್ತು. ಗ್ರಾಹಕ ಬ್ಯಾಂಕಿಗೆ ಬರುವ ಬದಲು ಬ್ಯಾಂಕೇ ಗ್ರಾಹಕನ ಬಳಿಗೆ ಹೋಗುವುದು. ಏಜೆಂಟರು ದಿನವೂ ಮನೆ ಬಾಗಿಲಿಗೆ ಬಂದು ಎರಡಾಣೆಯಷ್ಟು ಕಿರುಮೊತ್ತವನ್ನೂ ಪಡೆದು ಲೆಕ್ಕಕ್ಕೆ ಸೇರಿಸುತ್ತಿದ್ದರು. ಎರಡಾಣೆಯನ್ನು ಯಾರೂ ಹಣವೆಂದೇ ಎಣಿಸುವುದಿಲ್ಲ. ಆದರೆ ತಪ್ಪದೆ ಕಟ್ಟಿದರೆ ಎಂಟು ದಿನಕ್ಕೆ ಒಂದು ರೂಪಾಯಿ, ತಿಂಗಳಿಗೆ 3 ರೂಪಾಯಿ 12 ಆಣೆ, ವರ್ಷಕ್ಕೆ ಬಡ್ಡಿ ಬಿಟ್ಟು 45 ರೂಪಾಯಿ 10 ಆಣೆ. ಹನಿಗೂಡಿ ಹಳ್ಳ ಎಂಬ ಗಾದೆಗೆ ಇಲ್ಲಿ ಲೆಜರಿನಲ್ಲೇ ಸಾಕ್ಷಿಯಿತ್ತು.

ಲೆಕ್ಕ ಬಲ್ಲವರಿಗೆ ಇನ್ನೊಂದು ಮರ್ಮವೂ ಕಾಣುತ್ತದೆ. ಸಂಬಳದ ಗುಮಾಸ್ತನನ್ನು ಎರಡಾಣೆಗಾಗಿ ಬೀದಿ ಸುತ್ತಿಸಿದರೆ ಬ್ಯಾಂಕಿಗೆ ನಷ್ಟವೇ ಗತಿ. ಏಜೆಂಟರಿಗೆ ಸಂಬಳವಿಲ್ಲ, ಸಂಗ್ರಹದ ಮೇಲೆ ಕಮಿಷನ್. ಹೀಗಾಗಿ ಠೇವಣಿ ಬಂದಷ್ಟೇ ಖರ್ಚು. ಸೇವಾ ಉದ್ಯಮದಲ್ಲಿ ಹೊಸ ಶೋಧವೆಂದರೆ ಹೊಸ ಯಂತ್ರವೇ ಆಗಬೇಕಿಲ್ಲ, ಸೇವೆ ನೀಡುವ ಕ್ರಮವನ್ನು ಬದಲಿಸಿದರೂ ಸಾಕು ಎಂಬುದಕ್ಕೆ ಪಿಗ್ಮಿ ಉತ್ತಮ ನಿದರ್ಶನ. ಇದಕ್ಕೆ ಪೇಟೆಂಟ್ ಇರಲಿಲ್ಲ. ಇತರ ಬ್ಯಾಂಕುಗಳೂ ಸಹಕಾರಿ ಸಂಘಗಳೂ ಇದೇ ದಾರಿ ಹಿಡಿದವು.

ಆದರೆ ಬಿಸಿಲು ಮಳೆಯೆನ್ನದೆ ಅಲೆದ ಏಜೆಂಟರ ಪಾಡೇನು? ಬ್ಯಾಂಕಿನ ಹೆಸರಿನಲ್ಲಿ ದುಡಿದರೂ ಅವರು ಬ್ಯಾಂಕಿನ ನೌಕರರಲ್ಲ. ದಶಕಗಳ ಹೋರಾಟದ ಬಳಿಕ 2001ರಲ್ಲಿ ಸುಪ್ರೀಂ ಕೋರ್ಟು ಠೇವಣಿ ಸಂಗ್ರಾಹಕರು ಕೈಗಾರಿಕಾ ಕಾನೂನಿನ ಅರ್ಥದಲ್ಲಿ ಕಾರ್ಮಿಕರೇ ಎಂದು ತೀರ್ಪಿತ್ತಿತು. ಆದರೆ ಕಾಯಂ ನೌಕರರ ಸಮಾನ ಸ್ಥಾನ ಅವರಿಗೆ ದೊರೆಯಲಿಲ್ಲ. ಪಿಗ್ಮಿಯ ಯಶಸ್ಸನ್ನು ಸ್ಮರಿಸುವಾಗ ಈ ಬಾಕಿಯನ್ನೂ ಮರೆಯುವಂತಿಲ್ಲ.

ಪೈಯವರು ಶಿಕ್ಷಣಕ್ಕೂ ಇಂಥದ್ದೇ ಬುದ್ಧಿ ಓಡಿಸಿದರು. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಆರಂಭವಾಯಿತು. 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದಾಗ ಸರಕಾರದ ಅನುದಾನಕ್ಕೆ ಕಾಯದೆ ವಿದ್ಯಾರ್ಥಿಗಳ ಶುಲ್ಕವನ್ನೇ ಆಧಾರವಾಗಿಸಿಕೊಂಡರು. ರೋಗಿಗಳ ಬಳಿ ತರಬೇತಿಗೆ ಮಂಗಳೂರಿನ ಸರಕಾರಿ ಆಸ್ಪತ್ರೆಯನ್ನು ಬಳಸಿಕೊಂಡರು. 1957ರಲ್ಲಿ ಇಂಜಿನಿಯರಿಂಗ್ ಕಾಲೇಜೂ ಬಂತು. ಬೋಳು ಗುಡ್ಡವಾಗಿದ್ದ ಮಣಿಪಾಲ ವಿದ್ಯಾನಗರಿಯಾಯಿತು. ಶುಲ್ಕದ ಹೊರೆ ಬಡವರಿಗೆ ಎಟುಕದು ಎಂಬ ಟೀಕೆಯೂ ಬೆನ್ನಿಗೇ ಬಂತು. ಎರಡಾಣೆಯವನನ್ನು ಗ್ರಾಹಕನನ್ನಾಗಿಸಿದವರ ಬಗ್ಗೆ ಈ ಟೀಕೆ ಬಂದದ್ದು ಗಮನಾರ್ಹ.

1969ರ ಜುಲೈ 19ರಂದು ರಾಷ್ಟ್ರೀಕರಣಗೊಂಡ 14 ಬ್ಯಾಂಕುಗಳಲ್ಲಿ ಸಿಂಡಿಕೇಟ್ ಬ್ಯಾಂಕೂ ಒಂದು. 1972ರಲ್ಲಿ ಪದ್ಮಶ್ರೀ ಪುರಸ್ಕೃತರಾದ ಪೈಯವರು 1979ರ ಮೇ 29ರಂದು ನಿಧನರಾದರು. ಅವರು ಕಟ್ಟಿದ ಬ್ಯಾಂಕು 2020ರ ಎಪ್ರಿಲ್ 1ರಂದು, 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕಿನೊಂದಿಗೆ ವಿಲೀನವಾಯಿತು. ಸಿಂಡಿಕೇಟ್ ಎಂಬ ಫಲಕ ಬೀದಿಗಳಿಂದ ಇಳಿಯಿತು. ಪಿಗ್ಮಿ ಎಂಬ ಮಾತು ಮಾತ್ರ ದಿನವೂ ಸಣ್ಣ ಅಂಗಡಿಗಳ ಗಲ್ಲಾಪೆಟ್ಟಿಗೆಯ ಬಳಿ ಕೇಳಿಬರುತ್ತಲೇ ಇದೆ.