ಮೈಸೂರಿನ ಆನೆಲಾಯದಿಂದ ಹಾಲಿವುಡ್‌ಗೆ: ನಟ ಸಾಬು

ಹಾಲಿವುಡ್‌ನ ಹಳೆಯ ಕಾಲ ಎಂದೊಡನೆ ನಮ್ಮ ಹಿರಿಯರಿಗೆ ಚಾರ್ಲಿ ಚಾಪ್ಲಿನ್ ನೆನಪಾಗುತ್ತಾರೆ, ಟೆನ್ ಕಮಾಂಡ್‌ಮೆಂಟ್ಸ್ ಚಿತ್ರದ ಮೋಶೆ ನೆನಪಾಗುತ್ತಾನೆ. ಅದೇ ಕಾಲದಲ್ಲಿ ಅಲ್ಲಿನ ಚಿತ್ರಗಳ ಜಾಹೀರಾತುಗಳಲ್ಲಿ ದೊಡ್ಡ ಅಕ್ಷರಗಳಲ್ಲಿ ಮೆರೆದ ನಮ್ಮ ರಾಜ್ಯದ ಹುಡುಗನೊಬ್ಬನಿದ್ದ. ಅವನ ಹೆಸರು ಸಾಬು.

ಸಾಬು ಹುಟ್ಟಿದ್ದು 1924ರ ಜನವರಿ 27ರಂದು, ಮೈಸೂರು ಸೀಮೆಯ ಕಾರಾಪುರದಲ್ಲಿ. ತಂದೆ ಮಹಾರಾಜರ ಆನೆಗಳ ಮಾವುತ. ತಾಯಿ ಎಳವೆಯಲ್ಲೇ ತೀರಿಕೊಂಡರು, ಕೆಲವೇ ವರ್ಷಗಳಲ್ಲಿ ತಂದೆಯೂ ಹೋದರು. ಅನಾಥ ಬಾಲಕನಿಗೆ ಅರಮನೆಯ ಆನೆಲಾಯವೇ ಮನೆಯಾಯಿತು.

1935ರಲ್ಲಿ ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ, ಕಿಪ್ಲಿಂಗ್‌ನ ಕಥೆಯೊಂದನ್ನು ಚಿತ್ರ ಮಾಡಲು ನಿರ್ದೇಶಕ ರಾಬರ್ಟ್ ಫ್ಲಾಹರ್ಟಿಯವರನ್ನು ಮೈಸೂರಿಗೆ ಕಳುಹಿಸಿದರು. ಕನ್ನಡದ ಮೊದಲ ವಾಕ್ಚಿತ್ರ ಸತಿ ಸುಲೋಚನ ತೆರೆ ಕಂಡು ಆಗ ಒಂದು ವರ್ಷವಷ್ಟೇ. ಆನೆಗಳೊಂದಿಗೆ ನಟಿಸಬಲ್ಲ ಹುಡುಗನನ್ನು ಹುಡುಕುತ್ತಿದ್ದ ತಂಡದ ಕಣ್ಣಿಗೆ ಲಾಯದಲ್ಲಿ ಬಿದ್ದವನು ಸಾಬು. ಆನೆಯ ಮೇಲೆ ಕುಳಿತರೆ ಅವನಿಗೆ ನಟನೆ ಕಲಿಸಬೇಕಾಗಿರಲಿಲ್ಲ. ಫ್ಲಾಹರ್ಟಿಯವರದು ನಿಧಾನದ ಕೆಲಸ. ತಿಂಗಳುಗಟ್ಟಲೆ ಕಾಡು, ಆನೆ, ಖೆಡ್ಡಾ ಎಂದು ರೀಲು ಸುತ್ತಿದರು. ಕಥೆಯ ಉಳಿದ ಭಾಗವನ್ನು ಕೋರ್ಡಾರ ತಮ್ಮ ಜೋಲ್ಟಾನ್ ಇಂಗ್ಲೆಂಡಿನ ಡೆನ್‌ಹ್ಯಾಂ ಸ್ಟುಡಿಯೋದಲ್ಲಿ ಮುಗಿಸಿದರು. ಅದಕ್ಕಾಗಿ ಸಾಬು ಅಣ್ಣನ ಜೊತೆ ಹಡಗು ಹತ್ತಿದ. ಎಲಿಫೆಂಟ್ ಬಾಯ್ 1937ರಲ್ಲಿ ಬಿಡುಗಡೆಯಾಯಿತು, ಇಬ್ಬರು ನಿರ್ದೇಶಕರಿಗೂ ವೆನಿಸ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು.

ಆಮೇಲಿನ ಚಿತ್ರಗಳಲ್ಲೊಂದು ದಿ ಥೀಫ್ ಆಫ್ ಬಾಗ್ದಾದ್. ಇಂಗ್ಲೆಂಡಿನಲ್ಲಿ ಚಿತ್ರೀಕರಣ ನಡೆಯುತ್ತಿರುವಾಗ ಮಹಾಯುದ್ಧ ಬಂತು, ತಂಡವೇ ಹಾಲಿವುಡ್‌ಗೆ ಹೋಗಿ 1940ರಲ್ಲಿ ಮುಗಿಸಿತು. ಅದಕ್ಕೆ ಮೂರು ಆಸ್ಕರ್‌ಗಳು. 1942ರ ಜಂಗಲ್ ಬುಕ್‌ನಲ್ಲಿ ಸಾಬು ಮೌಗ್ಲಿಯಾದ. ಆಮೇಲೆ ಯೂನಿವರ್ಸಲ್ ಕಂಪನಿಯ ಅರೇಬಿಯನ್ ನೈಟ್ಸ್, ಕೋಬ್ರಾ ವುಮನ್ ಮುಂತಾದವು ಬಣ್ಣ ಜಾಸ್ತಿ, ಕಥೆ ಕಡಿಮೆ ಎಂಬಂಥವು. ಅವುಗಳ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಹುಡುಗ ಯುವಕನಾಗುತ್ತಿದ್ದರೂ ಸ್ಟುಡಿಯೋದವರು ಪೇಟವನ್ನೂ ಲಂಗೋಟಿಯನ್ನೂ ಬಿಡಿಸಲೇ ಇಲ್ಲ!

1944ರಲ್ಲಿ ಸಾಬು ಅಮೆರಿಕದ ಪೌರರಾದರು. ಅಲ್ಲಿನ ವಾಯುಪಡೆ ಸೇರಿ, ಪೆಸಿಫಿಕ್ ರಣರಂಗದಲ್ಲಿ ಬಿ-24 ಬಾಂಬರ್ ವಿಮಾನದ ಗನ್ನರ್ ಆಗಿ ದುಡಿದು, ಶೌರ್ಯಕ್ಕಾಗಿ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪಡೆದರು.

ಯುದ್ಧದ ನಂತರದ ಒಂದು ಚಿತ್ರ ನಮ್ಮ ಓದುಗರಿಗೆ ವಿಶೇಷ ಆಸಕ್ತಿಯದು. 1947ರ ಬ್ಲ್ಯಾಕ್ ನಾರ್ಸಿಸಸ್, ಹಿಮಾಲಯದ ಹಳೆಯ ಅರಮನೆಯಲ್ಲಿ ಶಾಲೆ, ಆಸ್ಪತ್ರೆ ನಡೆಸಲು ಬರುವ ಆಂಗ್ಲಿಕನ್ ಧರ್ಮಭಗಿನಿಯರ ಕಥೆ. ಸಾಬು ಅಲ್ಲಿ ಅತ್ತರು ಹಚ್ಚಿಕೊಂಡು ಬರುವ ಯುವ ರಾಜಕುಮಾರ. ಪರ್ವತಗಳೆಲ್ಲ ಇಂಗ್ಲೆಂಡಿನ ಸ್ಟುಡಿಯೋದಲ್ಲಿ ಬಣ್ಣ ಬಳಿದು ಮಾಡಿದವು ಎಂದರೆ ನಂಬುವುದು ಕಷ್ಟ. ಅಮೆರಿಕದ ಕಥೋಲಿಕರ ಲೀಜನ್ ಆಫ್ ಡೀಸೆನ್ಸಿ ಈ ಚಿತ್ರವನ್ನು ಖಂಡಿಸಿದ್ದರಿಂದ ಕೆಲವು ದೃಶ್ಯಗಳನ್ನು ಕತ್ತರಿಸಿಯೇ ಅಲ್ಲಿ ತೋರಿಸಲಾಯಿತು. ಇಂದು ಪೂರ್ಣ ಚಿತ್ರವನ್ನು ನೋಡಿದರೆ, ಸೇವೆಗೆ ಹೊರಟವರ ಒಂಟಿತನ ಮತ್ತು ದಣಿವನ್ನು ಅದು ಗಂಭೀರವಾಗಿಯೇ ತೋರಿಸುತ್ತದೆ ಎಂದು ನಮಗೆ ಅನಿಸುತ್ತದೆ.

1948ರಲ್ಲಿ ಸಾಬು ನಟಿ ಮೆರಿಲಿನ್ ಕೂಪರ್ ಅವರನ್ನು ಮದುವೆಯಾದರು, ಇಬ್ಬರು ಮಕ್ಕಳಾದರು. ಆದರೆ ಬೆಳೆದ ಸಾಬುವಿಗೆ ಪಾತ್ರಗಳು ಸಿಗಲಿಲ್ಲ. 1952ರಲ್ಲಿ ಲಂಡನ್ನಿನ ಕ್ರಿಸ್ಮಸ್ ಸರ್ಕಸ್ಸಿನಲ್ಲಿ ಮತ್ತೆ ಆನೆಗಳೊಂದಿಗೆ ಕಾಣಿಸಿಕೊಂಡರು. ಮೆಹಬೂಬ್ ಖಾನ್ ಮದರ್ ಇಂಡಿಯಾ ಚಿತ್ರಕ್ಕೆ ಅವರನ್ನು ಬಯಸಿದ್ದರು. ಭಾರತ ಸರಕಾರದಿಂದ ಕೆಲಸದ ಪರವಾನಗಿ ಸಿಗಲಿಲ್ಲ. ಆ ಪಾತ್ರ ಸುನಿಲ್ ದತ್ತ್ ಅವರ ಪಾಲಾಯಿತು. ಹುಟ್ಟಿದ ನಾಡಿನ ಒಂದು ಚಿತ್ರದಲ್ಲೂ ಆ ನಟನಿಗೆ ಎಡೆ ದೊರೆಯದೆ ಹೋದದ್ದು ನಮಗೆ ಬಹಳ ನೋವಿನ ಸಂಗತಿ.

1960ರಲ್ಲಿ, ಜೊತೆಗೆ ಹಡಗು ಹತ್ತಿದ್ದ ಅಣ್ಣ ತನ್ನ ಪೀಠೋಪಕರಣ ಅಂಗಡಿಯಲ್ಲಿ ದರೋಡೆಕೋರನ ಗುಂಡಿಗೆ ಬಲಿಯಾದರು. 1963ರ ಡಿಸೆಂಬರ್ 2ರಂದು ಸಾಬು ಹೃದಯಾಘಾತದಿಂದ ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡರು. ವಯಸ್ಸು 39. ಡಿಸ್ನಿಯವರಿಗಾಗಿ ನಟಿಸಿದ್ದ ಕೊನೆಯ ಚಿತ್ರ ಎ ಟೈಗರ್ ವಾಕ್ಸ್ ತೆರೆಗೆ ಬಂದದ್ದು ಮರುವರ್ಷ.

ಕಾರಾಪುರ ಇಂದು ಕಬಿನಿ ಹಿನ್ನೀರಿನ ದಡದಲ್ಲಿ ಪ್ರವಾಸಿಗರು ಸಫಾರಿಗೆ ಬರುವ ಊರು. ಮೈಸೂರಿನ ಕೊನೆಯ ಖೆಡ್ಡಾ 1971ರಲ್ಲಿ ಕಾಕನಕೋಟೆಯಲ್ಲಿ ನಡೆಯಿತು. ಅದು ಹೇಗಿತ್ತೆಂದು ಮಕ್ಕಳಿಗೆ ತೋರಿಸಬಯಸುವವರು ಎಲಿಫೆಂಟ್ ಬಾಯ್ ಚಿತ್ರವನ್ನು ಹುಡುಕಿ ನೋಡಬಹುದು. ಹನ್ನೊಂದು ಹನ್ನೆರಡರ ಸಾಬುವೂ ಅಲ್ಲಿದ್ದಾನೆ, ಆನೆಯ ಕತ್ತಿನ ಮೇಲೆ.