ರಾಜ್ಯಾಂಗ ಪಂಡಿತ ಬೆನಗಲ್ ನರಸಿಂಗ ರಾಯರು

ನವೆಂಬರ್ ತಿಂಗಳ 26ನೆಯ ತಾರೀಖನ್ನು ನಮ್ಮ ದೇಶವು 2015ರಿಂದ ಸಂವಿಧಾನ ದಿನವೆಂದು ಆಚರಿಸುತ್ತ ಬಂದಿದೆ. ಆ ದಿನ ಕಚೇರಿಗಳಲ್ಲಿಯೂ ಶಾಲೆಗಳಲ್ಲಿಯೂ ಪೀಠಿಕೆಯನ್ನು ಓದುವುದುಂಟು, ಡಾ. ಅಂಬೇಡ್ಕರರ ಭಾವಚಿತ್ರಕ್ಕೆ ಹಾರ ಹಾಕುವುದುಂಟು. ಅದು ಯುಕ್ತವೇ ಸರಿ. ಅಲ್ಲಿಂದ ನಾಲ್ಕು ದಿನ ಕಳೆದು ಬರುವ ನವೆಂಬರ್ 30 ನಮ್ಮಲ್ಲಿ ಹೆಚ್ಚಿನವರಿಗೆ ತಿಂಗಳ ಲೆಕ್ಕ ಮುಗಿಸುವ ದಿನ ಮಾತ್ರ. ಆದರೆ 1953ರಲ್ಲಿ ಅದೇ ದಿನ, ಸ್ವಿಟ್ಜರ್ಲೆಂಡಿನ ಜೂರಿಚ್ ನಗರದಲ್ಲಿ, ಭಾರತದ ರಾಜ್ಯಾಂಗದ ಮೊದಲ ಕರಡನ್ನು ಸಿದ್ಧಪಡಿಸಿದ ಮಹನೀಯರೊಬ್ಬರು ತಮ್ಮ 66ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರು ನಮ್ಮ ದಕ್ಷಿಣ ಕನ್ನಡದವರು. ಅವರೇ ಬೆನಗಲ್ ನರಸಿಂಗ ರಾಯರು.

ಉಡುಪಿ, ಕುಂದಾಪುರ, ಕಾರ್ಕಳಗಳಿಂದ ಹೊರಟು ವಿಜಯವಾಡದಲ್ಲಿಯೋ ವಿಶಾಖಪಟ್ಟಣದಲ್ಲಿಯೋ ಬಂದಿಳಿಯುವ ನಮ್ಮ ಹುಡುಗನು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ರೈಲಿನ ಟಿಕೇಟೊಂದಿದ್ದರೆ ಸಾಕು. ಮರುದಿನವೇ ಅವನು ಅಡಿಗೆಮನೆಯಲ್ಲಿ ನಿಲ್ಲುತ್ತಾನೆ, ಇಲ್ಲವೇ ಆಫೀಸಿನ ಮೇಜಿಗೆ ಕೂರುತ್ತಾನೆ. ಇದು ಗಾಳಿ ನೀರಿನಂತೆ ತಾನಾಗಿ ಬಂದ ಸೌಕರ್ಯವೆಂದು ನಾವು ತಿಳಿದಿದ್ದೇವೆ. ಹಾಗಲ್ಲ. ಬೇರೆ ಬೇರೆಯಾಗಿದ್ದ ರಾಜ್ಯಗಳನ್ನು ಒಂದೇ ರಾಜ್ಯಾಂಗದ ಕೆಳಗೆ ಕೂಡಿಸಬೇಕೆಂದು ಹಲವರು ಹಲವು ವರ್ಷ ವಾದಿಸಿ, ಬರೆದು, ತಿದ್ದಿದ ಫಲ ಅದು. ಆ ಕೆಲಸದಲ್ಲಿ ರಾಯರ ಪಾಲು ದೊಡ್ಡದು.

ವಿದ್ಯಾಭ್ಯಾಸ

ನರಸಿಂಗ ರಾಯರು 1887ನೆಯ ಇಸವಿ ಫೆಬ್ರವರಿ 26ರಂದು ಚಿತ್ರಾಪುರ ಸಾರಸ್ವತ ಮನೆತನದಲ್ಲಿ ಜನಿಸಿದರು. ಮನೆಮಾತು ಕೊಂಕಣಿ, ನೆಲ ನಮ್ಮದು. ತಂದೆ ರಾಘವೇಂದ್ರ ರಾಯರು ಹೆಸರಾಂತ ಡಾಕ್ಟರರು. ತಮ್ಮಂದಿರಲ್ಲಿ ರಾಮರಾಯರು 1949ರಿಂದ 1957ರ ವರೆಗೆ ರಿಸರ್ವ್ ಬ್ಯಾಂಕಿನ ಗವರ್ನರರಾಗಿದ್ದರು. ಶಿವರಾಯರು ಪತ್ರಿಕೋದ್ಯೋಗಿಗಳಾಗಿ, ರಾಜ್ಯಾಂಗ ಸಭೆಯ ಸದಸ್ಯರಾಗಿ ಪ್ರಸಿದ್ಧಿ ಪಡೆದರು.

ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿದ ರಾಯರು ಇಡೀ ಮದರಾಸು ಪ್ರಾಂತಕ್ಕೇ ಮೊದಲಿಗರಾಗಿ ತೇರ್ಗಡೆ ಹೊಂದಿದರು. ಆಗ ಮಂಗಳೂರೂ ಬೆಜವಾಡೆಯೂ ವಿಶಾಖಪಟ್ಟಣವೂ ಅದೇ ಒಂದು ಪ್ರಾಂತಕ್ಕೆ ಸೇರಿದ್ದವೆಂಬುದನ್ನು ವಾಚಕರು ನೆನಪಿಡಬೇಕು. ಮುಂದೆ ಇಂಗ್ಲಿಷು, ಭೌತಶಾಸ್ತ್ರ, ಸಂಸ್ಕೃತ, ಗಣಿತ ಎಲ್ಲದರಲ್ಲಿಯೂ ಮೊದಲನೆಯ ದರ್ಜೆ. ವಿದ್ಯಾರ್ಥಿವೇತನ ಪಡೆದು ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿಗೆ ಹೋಗಿ, 1909ರಲ್ಲಿ ಐ.ಸಿ.ಎಸ್. ಪರೀಕ್ಷೆಯನ್ನೂ ಗೆದ್ದು, ಬಂಗಾಳದಲ್ಲಿ ಉದ್ಯೋಗಕ್ಕೆ ನಿಂತರು. ಅಧಿಕಾರದ ದರ್ಬಾರಿಗಿಂತ ನ್ಯಾಯಾಸನವೇ ತಮಗೆ ಒಗ್ಗುವುದೆಂದು ಕಂಡು ಪೂರ್ವ ಬಂಗಾಳದ ಜಿಲ್ಲೆಗಳಲ್ಲಿ ನ್ಯಾಯಾಧೀಶರಾಗಿ ದುಡಿದರು.

ಬಡ ಪ್ರಾಂತದ ವಕಾಲತ್ತು

1925ರಲ್ಲಿ ಅಸ್ಸಾಮು ಪ್ರಾಂತದ ಸರಕಾರವು ರಾಯರನ್ನು ಕಾನೂನಿನ ಕೆಲಸಕ್ಕೆ ಕರೆಸಿಕೊಂಡಿತು. ಅಸ್ಸಾಮಿನಲ್ಲಿ ಚಹವೂ ಎಣ್ಣೆಯೂ ಬೆಳೆದು ಉಕ್ಕುತ್ತಿದ್ದರೂ ಪ್ರಾಂತದ ಬೊಕ್ಕಸ ಬರಿದಾಗಿತ್ತು. ಆ ಪ್ರಾಂತಕ್ಕೆ ಕೇಂದ್ರದ ಹಣದಲ್ಲಿ ಪಾಲು ಬೇಕೆಂಬ ವಾದವನ್ನು ರಾಯರು ಸಿದ್ಧಪಡಿಸಿ, 1933ರಲ್ಲಿ ಲಂಡನ್ನಿಗೆ ಹೋಗಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯ ಮುಂದೆ ಮಂಡಿಸಿದರು.

ಒಕ್ಕೂಟವೆಂದರೆ ಬರಿಯ ನಕಾಶೆಯ ಮೇಲಿನ ಗೆರೆಯಲ್ಲ, ಗಳಿಕೆಯನ್ನು ಹಂಚಿಕೊಳ್ಳುವ ಏರ್ಪಾಡು. ಉಳ್ಳ ರಾಜ್ಯವು ಇಲ್ಲದ ರಾಜ್ಯಕ್ಕೆ ಕೈ ನೀಡಬೇಕು. ಅದು ಭಿಕ್ಷೆಯೆನಿಸದೆ ಕಾನೂನಿನ ಹಕ್ಕೆನಿಸಬೇಕು. ಇಂದು ರಾಜ್ಯಾಂಗದ 280ನೆಯ ವಿಧಿಯಂತೆ ನೇಮಕವಾಗುವ ಹಣಕಾಸಿನ ಆಯೋಗದ ಹಿಂದೆ ಇರುವ ತತ್ತ್ವವೂ ಇದೇ.

ಬಾರದೆ ಹೋದ ಒಕ್ಕೂಟ

1935ರಲ್ಲಿ ಬ್ರಿಟಿಷರು ಭಾರತ ಸರಕಾರದ ಕಾಯಿದೆಯನ್ನು ಮಾಡಿದರು. ದಿಲ್ಲಿಯ ಸುಧಾರಣಾ ಕಚೇರಿಯಲ್ಲಿ ರಾಯರು ಅದರ ಕೆಲಸದಲ್ಲಿ ತೊಡಗಿದರು. ಹಳೆಯ ಕಾನೂನುಗಳನ್ನೆಲ್ಲ ಆ ಕಾಯಿದೆಗೆ ಹೊಂದಿಸುವ ದುಸ್ತರವಾದ ಕೆಲಸವೂ ಅವರ ಪಾಲಿಗೆ ಬಂತು. 1938ರಲ್ಲಿ ಸರ್ ಪದವಿ ದೊರೆಯಿತು. ಆಮೇಲೆ ಕಲ್ಕತ್ತೆಯ ಹೈಕೋರ್ಟಿನ ನ್ಯಾಯಮೂರ್ತಿಗಳಾದರು.

ಆ ಕಾಯಿದೆಯಲ್ಲಿ ಬ್ರಿಟಿಷ್ ಪ್ರಾಂತಗಳನ್ನೂ ದೇಶೀಯ ಸಂಸ್ಥಾನಗಳನ್ನೂ ಒಕ್ಕೂಟವಾಗಿ ಕೂಡಿಸುವ ಭಾಗವೊಂದಿತ್ತು. ಸಾಕಷ್ಟು ಸಂಸ್ಥಾನಿಕರು ಒಪ್ಪಿ ಸಹಿ ಹಾಕಿದರೆ ಮಾತ್ರ ಅದು ಜಾರಿಗೆ ಬರಬೇಕೆಂಬ ಶರತ್ತಿತ್ತು. ಅರಸರು ಅಳೆದರು, ಸುರಿದರು, ಸಹಿ ಹಾಕಲಿಲ್ಲ. 1939ರ ಸೆಪ್ಟೆಂಬರಿನಲ್ಲಿ ಮಹಾಯುದ್ಧ ಮೊದಲಾಯಿತು. ಆ ಭಾಗವು ಕಾಗದದ ಮೇಲೆಯೇ ಉಳಿಯಿತು. ಜನರ ಇಚ್ಛೆಯನ್ನು ಬಿಟ್ಟು ಅರಸರ ಮರ್ಜಿಯ ಮೇಲೆ ಒಕ್ಕೂಟ ಕಟ್ಟಲಾಗದೆಂಬ ಪಾಠ ಅಂದು ದೊರೆಯಿತು.

1944ರಲ್ಲಿ ರಾಯರು ಜಮ್ಮು ಕಾಶ್ಮೀರ ಸಂಸ್ಥಾನದ ಪ್ರಧಾನಮಂತ್ರಿಗಳಾದರು. ಮಹಾರಾಜರೊಡನೆ ಅಭಿಪ್ರಾಯಭೇದ ಉಂಟಾಗಿ 1945ರಲ್ಲಿ ರಾಜೀನಾಮೆಯಿತ್ತು ಹೊರಬಂದರು. ಹೀಗೆ ಪ್ರಾಂತದ ಒಳಗನ್ನೂ ಸಂಸ್ಥಾನದ ಒಳಗನ್ನೂ ಕಂಡಿದ್ದ ವ್ಯಕ್ತಿ ಅವರು. ಇದರ ನಡುವೆಯೇ ಹಿಂದೂ ಕಾನೂನು ಸಮಿತಿಯ ಅಧ್ಯಕ್ಷರಾಗಿ ಹೆಂಗಸರ ಆಸ್ತಿಯ ಹಕ್ಕಿಗೆ ದಾರಿ ಮಾಡಿದ ವರದಿಯನ್ನೂ ಕೊಟ್ಟರು.

ನದಿಯ ನೀರು ಯಾರದು?

ಕೃಷ್ಣೆಯ ದಡದಲ್ಲಿ ಅನ್ನ ತಿನ್ನುವ ನಾವು ರಾಯರ ಒಂದು ಕೆಲಸವನ್ನು ವಿಶೇಷವಾಗಿ ತಿಳಿಯಬೇಕು. ಪಂಜಾಬು ಮೇಲೆ ಅಣೆಕಟ್ಟು ಕಟ್ಟಿದರೆ ತನ್ನ ಕಾಲುವೆಗಳು ಒಣಗುವುವೆಂದು ಸಿಂಧ ಪ್ರಾಂತವು ದೂರಿತ್ತಿತು. ಅದರ ವಿಚಾರಣೆಗೆ 1941ರಲ್ಲಿ ನೇಮಕವಾದ ಸಿಂಧೂ ಆಯೋಗಕ್ಕೆ ರಾಯರು ಅಧ್ಯಕ್ಷರು. 1942ರಲ್ಲಿ ವರದಿ ಹೊರಬಂತು. ಮೇಲಿನವನು ತನಗೆ ಬೇಕಾದಷ್ಟು ತಡೆಯಬಲ್ಲೆನೆಂಬುದೂ ಸಲ್ಲದು, ಕೆಳಗಿನವನು ಒಂದು ಹನಿಯೂ ಕಡಿಮೆಯಾಗಬಾರದೆಂಬುದೂ ಸಲ್ಲದು. ಎಲ್ಲರಿಗೂ ನ್ಯಾಯವಾದ ಪಾಲು ಸಲ್ಲಬೇಕು. ನಡುವೆ ಗಡಿಯೇ ಇಲ್ಲದ ಒಂದೇ ಸಮುದಾಯವೆಂದು ಬಗೆದು ತಾವೇ ಒಪ್ಪಂದಕ್ಕೆ ಬರುವುದು ಎಲ್ಲಕ್ಕಿಂತ ಮೇಲು ಎಂಬುದು ಆ ವರದಿಯ ಸಾರ.

ವರದಿಯನ್ನು ಎರಡು ಪ್ರಾಂತಗಳೂ ಒಪ್ಪಲಿಲ್ಲ. ಮುಂದಿನ ಮಾತುಕತೆಗಳೂ ಮುರಿದವು. 1947ರಲ್ಲಿ ದೇಶ ಒಡೆಯಿತು. ಪ್ರಾಂತಗಳ ಜಗಳವು ಎರಡು ದೇಶಗಳ ಜಗಳವಾಯಿತು. 1960ರಲ್ಲಿ ವಿಶ್ವ ಬ್ಯಾಂಕು ನಡುವೆ ಬಂದು ಒಪ್ಪಂದ ಮಾಡಿಸಬೇಕಾಯಿತು. 2025ರ ಏಪ್ರಿಲಿನಲ್ಲಿ ಭಾರತವು ಅದನ್ನೂ ತಡೆಹಿಡಿಯಿತು.

ಇದರ ಪಕ್ಕದಲ್ಲಿ ಕೃಷ್ಣೆಯನ್ನು ಇಟ್ಟು ನೋಡಿರಿ. 1969ರಲ್ಲಿ ನೇಮಕವಾದ ಬಚಾವತ್ ನ್ಯಾಯಮಂಡಲಿಯು ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಪ್ರದೇಶಕ್ಕೆ 800 ಟಿ.ಎಂ.ಸಿ. ನೀರನ್ನು ಹಂಚಿತು. ಯಾರಿಗೂ ಪೂರ್ಣ ತೃಪ್ತಿಯಾಗಲಿಲ್ಲ. 2014ರಲ್ಲಿ ತೆಲಂಗಾಣ ಬೇರೆಯಾದ ಮೇಲೆ ಜಗಳಕ್ಕೆ ಹೊಸ ಪಾಲುದಾರರೂ ಬಂದರು. ಆದರೂ ಜಗಳವು ವಕೀಲರ ಬಾಯಿಯಲ್ಲಿದೆ, ಸೈನಿಕರ ಕೈಯಲ್ಲಿಲ್ಲ. ಒಂದೇ ರಾಜ್ಯಾಂಗದ ಕೆಳಗಿರುವುದರ ಪ್ರಯೋಜನ ಇದಕ್ಕಿಂತ ಸ್ಪಷ್ಟವಾಗಿ ಬೇರೆ ಎಲ್ಲಿ ಕಂಡೀತು?

ಮೊದಲ ಕರಡು

1946ರ ಜುಲೈಯಲ್ಲಿ ರಾಯರು ರಾಜ್ಯಾಂಗ ಸಭೆಯ ಸಲಹೆಗಾರರಾಗಿ ನಿಯುಕ್ತರಾದರು. ಅವರು ಸಭೆಯ ಸದಸ್ಯರಲ್ಲ, ಅವರಿಗೆ ಮತವಿರಲಿಲ್ಲ. ಸಂಬಳವನ್ನೂ ತೆಗೆದುಕೊಳ್ಳದೆ ಗೌರವಾರ್ಥವಾಗಿ ದುಡಿದರು. ಲೋಕದ ನಾನಾ ರಾಜ್ಯಾಂಗಗಳ ಮಾದರಿಗಳನ್ನು ಸಂಗ್ರಹಿಸಿ, ಸದಸ್ಯರಿಗೆ ಅರ್ಥವಾಗುವಂತೆ ಸಂಪುಟಗಳಾಗಿ ಹಂಚಿದರು. ಬರ್ಮಾ ದೇಶದ ರಾಜ್ಯಾಂಗ ರಚನೆಗೂ ನೆರವಾದರು.

ಅಂದು ಸಭೆಯ ಮುಂದಿದ್ದ ದೊಡ್ಡ ಪ್ರಶ್ನೆ, ಕೇಂದ್ರಕ್ಕೆಷ್ಟು, ರಾಜ್ಯಗಳಿಗೆಷ್ಟು ಎಂಬುದು. 1946ರ ಮೇ 16ರ ಬ್ರಿಟಿಷ್ ಯೋಜನೆಯಲ್ಲಿ ಕೇಂದ್ರಕ್ಕೆ ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕ ಎಂಬ ಮೂರೇ ವಿಷಯಗಳು. ಮುಸ್ಲಿಂ ಲೀಗನ್ನು ಒಳಗೆ ಉಳಿಸಿಕೊಳ್ಳುವ ಆಸೆಯಿಂದ ದುರ್ಬಲ ಕೇಂದ್ರವನ್ನು ಸಹಿಸಲು ಹಲವರು ಸಿದ್ಧರಿದ್ದರು. 1947ರ ಜೂನ್ 3ರಂದು ವಿಭಜನೆ ನಿಶ್ಚಯವಾಗುತ್ತಲೇ ಆ ನಿರ್ಬಂಧ ಹೋಯಿತು. ಬಲವಾದ ಕೇಂದ್ರವುಳ್ಳ ಒಕ್ಕೂಟವೇ ಬೇಕೆಂದು ಸಭೆ ತೀರ್ಮಾನಿಸಿತು.

ಸಡಿಲವಾದ ಕೂಟ ಏಕೆ ಸಾಲದು? ಅಮೇರಿಕದ 13 ರಾಜ್ಯಗಳು 1781ರಲ್ಲಿ ಅಂಥ ಕೂಟವನ್ನೇ ಕಟ್ಟಿ ನೋಡಿದವು. ಕೇಂದ್ರಕ್ಕೆ ತೆರಿಗೆ ಹಾಕುವ ಅಧಿಕಾರವಿಲ್ಲ. ರಾಜ್ಯಗಳು ಕೊಟ್ಟರೆ ಉಂಟು, ಕೊಡದಿದ್ದರೆ ಇಲ್ಲ. ಸಾಲ ತೀರಲಿಲ್ಲ, ವ್ಯಾಪಾರ ಕೆಟ್ಟಿತು. 1787ರಲ್ಲಿ ಫಿಲಡೆಲ್ಫಿಯದಲ್ಲಿ ಸೇರಿ ಹೊಸ ರಾಜ್ಯಾಂಗ ಬರೆಯಬೇಕಾಯಿತು. ಹಾಗಾದರೆ ಎಲ್ಲವನ್ನೂ ದಿಲ್ಲಿಯೇ ಆಳಬಾರದೇಕೆ? ಇಷ್ಟು ಭಾಷೆ, ಇಷ್ಟು ಆಚಾರಗಳ ದೇಶದಲ್ಲಿ ಅದೂ ನಡೆಯದು. ನಮ್ಮ ಕಸುಬಿನ ಮಾತಿನಲ್ಲಿ ಹೇಳುವುದಾದರೆ, ಗಲ್ಲಾ ಪೆಟ್ಟಿಗೆಯ ಮುಂದೆ ಕೂತವನು ಸಾಂಬಾರಿನ ಉಪ್ಪನ್ನೂ ತಾನೇ ನಿರ್ಣಯಿಸತೊಡಗಿದರೆ ಅಡಿಗೆ ಕೆಡುತ್ತದೆ. ಒಬ್ಬೊಬ್ಬ ಭಟ್ಟನೂ ಬೇರೆ ಬೇರೆ ಗಲ್ಲಾ ಇಟ್ಟುಕೊಂಡರೆ ಹೋಟೆಲೇ ಮುಚ್ಚುತ್ತದೆ. ಎರಡರ ನಡುವಿನ ಹದವನ್ನು ಬರಹಕ್ಕೆ ಇಳಿಸುವುದೇ ಕರಡು ಬರೆಯುವವರ ಹೊಣೆಯಾಗಿತ್ತು.

1947ರ ಅಕ್ಟೋಬರಿನಲ್ಲಿ ರಾಯರು 243 ವಿಧಿಗಳ ಕರಡನ್ನು ಸಿದ್ಧಪಡಿಸಿಕೊಟ್ಟರು. ಬಳಿಕ ಅಮೇರಿಕ, ಕೆನಡಾ, ಐರ್ಲೆಂಡ್, ಇಂಗ್ಲೆಂಡುಗಳಿಗೆ ಹೋಗಿ ಅಲ್ಲಿನ ನ್ಯಾಯಾಧೀಶರೊಡನೆಯೂ ರಾಜಕಾರಣಿಗಳೊಡನೆಯೂ ಸಮಾಲೋಚಿಸಿದರು. ಡಾ. ಅಂಬೇಡ್ಕರರ ಅಧ್ಯಕ್ಷತೆಯ ಕರಡು ಸಮಿತಿಯು ಆ ಬರಹವನ್ನು ಆಮೂಲಾಗ್ರವಾಗಿ ಪರಿಶೀಲಿಸಿ 315 ವಿಧಿಗಳಿಗೆ ಬೆಳೆಸಿತು. ಸಭೆಯು ಚರ್ಚಿಸಿ 395 ವಿಧಿಗಳಲ್ಲಿ ಅಂಗೀಕರಿಸಿತು. ರಾಜ್ಯಾಂಗದ ಕರ್ತೃ ಯಾರೆಂದು ಇಂದು ಕೆಲವರು ಒಬ್ಬರನ್ನು ಏರಿಸಿ ಇನ್ನೊಬ್ಬರನ್ನು ಇಳಿಸುವುದನ್ನು ಕಾಣುತ್ತೇವೆ. 1949ರ ನವೆಂಬರ್ 25ರ ಭಾಷಣದಲ್ಲಿ ಅಂಬೇಡ್ಕರರು ತಾವಾಗಿಯೇ ರಾಯರಿಗೂ ಮುಖ್ಯ ಕರಡುಗಾರ ಎಸ್. ಎನ್. ಮುಖರ್ಜಿಯವರಿಗೂ ಶ್ರೇಯಸ್ಸಿನ ಪಾಲನ್ನು ಸಲ್ಲಿಸಿದ್ದರು. ಸಭೆಯ ಎದುರಿಗೆ ವಿಧಿ ವಿಧಿಯನ್ನೂ ಸಮರ್ಥಿಸಿ ದಡ ಸೇರಿಸಿದವರು ಅಂಬೇಡ್ಕರರೇ. ಆ ದೊಡ್ಡವರಲ್ಲಿ ಇಲ್ಲದ ಜಗಳ ನಮಗೇಕೆ?

ಐನೂರಕ್ಕೂ ಹೆಚ್ಚಿನ ಸಂಸ್ಥಾನಗಳನ್ನು ಒಳಗೆ ತಂದವರು ಸರ್ದಾರ ಪಟೇಲರೂ ವಿ. ಪಿ. ಮೆನನ್ನರೂ. ಕನ್ನಡಿಗರು ಆಗ ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು, ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು, ಸಂಡೂರು ಎಂದು ಹರಿದು ಹಂಚಿಹೋಗಿದ್ದರು. ಸಂಸ್ಥಾನಗಳು ಒಕ್ಕೂಟಕ್ಕೆ ಸೇರದೆ ಇದ್ದಿದ್ದರೆ ಕನ್ನಡನಾಡು ಒಂದಾಗುವುದು ಸಾಧ್ಯವೇ ಇರಲಿಲ್ಲ. ರಾಜ್ಯಗಳ ಗಡಿಯನ್ನು ಪಾರ್ಲಿಮೆಂಟು ಕಾನೂನಿನಿಂದ ಬದಲಿಸಬಹುದೆಂಬ 3ನೆಯ ವಿಧಿಯಂತೆ 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. 1956ರ ನವೆಂಬರ್ 1ರಂದು ಆಂಧ್ರಪ್ರದೇಶವೂ ವಿಶಾಲ ಮೈಸೂರು ರಾಜ್ಯವೂ ಒಂದೇ ದಿನ ಉದಯಿಸಿದವು. ಅದನ್ನು ನೋಡಲು ರಾಯರು ಇರಲಿಲ್ಲ.

ಕೊನೆಯ ವರ್ಷಗಳು

ರಾಯರು ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಗಳಾಗಿ ಹೋದರು. 1950ರ ಜೂನಿನಲ್ಲಿ ಕೊರಿಯಾ ಯುದ್ಧ ಸಿಡಿದಾಗ ಭದ್ರತಾ ಮಂಡಲಿಯ ಅಧ್ಯಕ್ಷಪೀಠದಲ್ಲಿ ಇದ್ದವರು ಅವರೇ. 1952ರಲ್ಲಿ ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಮರುವರ್ಷವೇ ಕಾಯಿಲೆಯಿಂದ ಕಾಲವಾದರು. 1988ರಲ್ಲಿ ಅಂಚೆ ಇಲಾಖೆಯು ಅವರ ಚಿತ್ರವುಳ್ಳ ಸ್ಟಾಂಪನ್ನು ಹೊರಡಿಸಿತು.

ನಮಗೆ ಉಳಿದದ್ದು

ಅಂದು ಕಟ್ಟಿದ ಮನೆಯಲ್ಲಿ ಕುಂದಿಲ್ಲವೆಂದು ನಾವು ಹೇಳುವುದಿಲ್ಲ. ಬಲವಾದ ಕೇಂದ್ರವು ರಾಜ್ಯಗಳನ್ನು ತುಳಿದ ಸಂದರ್ಭಗಳೂ ಉಂಟು. 1984ರಲ್ಲಿ ಇಲ್ಲಿನ ರಾಮರಾಯರ ಸರಕಾರವನ್ನು ರಾಜ್ಯಪಾಲರು ಕಿತ್ತುಹಾಕಿದರು. ಜನರು ಎದ್ದು ನಿಂತು, ತಿಂಗಳೊಂದರಲ್ಲೇ ಅದನ್ನು ಮರಳಿ ಪಡೆದರು. 1989ರಲ್ಲಿ ಕರ್ನಾಟಕದ ಬೊಮ್ಮಾಯಿಯವರ ಸರಕಾರ ವಜಾ ಆಯಿತು; ಅವರ ಮೊಕದ್ದಮೆಯಲ್ಲಿಯೇ ಸುಪ್ರೀಂ ಕೋರ್ಟು 1994ರಲ್ಲಿ ಕೇಂದ್ರದ ಆ ಅಧಿಕಾರಕ್ಕೆ ಕಡಿವಾಣ ಹಾಕಿತು. ಮನೆಯ ದೋಷವನ್ನು ಮನೆಯೊಳಗೇ ತಿದ್ದುವ ದಾರಿ ಇದೆ ಎಂಬುದಕ್ಕೆ ಇವು ಸಾಕ್ಷಿ.

ನಮ್ಮಂಥ ವಲಸಿಗರಿಗೆ ಈ ರಾಜ್ಯಾಂಗವು ಏನು ಕೊಟ್ಟಿದೆ? ದೇಶಕ್ಕೆಲ್ಲ ಒಂದೇ ಪೌರತ್ವ. 19ನೆಯ ವಿಧಿಯಂತೆ ಎಲ್ಲಿ ಬೇಕಾದರೂ ಹೋಗಿ ನೆಲಸುವ, ಕಸುಬು ಮಾಡುವ ಹಕ್ಕು. 301ನೆಯ ವಿಧಿಯಂತೆ ದೇಶದೊಳಗೆ ವ್ಯಾಪಾರದ ಸ್ವಾತಂತ್ರ್ಯ. 1956ರಲ್ಲಿ ಸೇರಿದ 350-ಎ ವಿಧಿಯಂತೆ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯ ಒದಗಿಸಬೇಕೆಂಬ ನಿರ್ದೇಶ.

ಆದರೆ ಹಕ್ಕಿಗೆ ಎರಡು ಕೊನೆಗಳಿವೆ. 1991ರಲ್ಲಿ ಕಾವೇರಿಯ ನೀರಿಗಾಗಿ ಬೆಂಗಳೂರಿನಲ್ಲಿ ತಮಿಳರ ಮೇಲೆ ಕೈ ಮಾಡಲಾಯಿತು. ಪೆಟ್ಟು ತಿಂದವರಲ್ಲಿ ನಮ್ಮ ಹಾಗೆಯೇ ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವರಿದ್ದರು. ಅಲ್ಲಿ ಅವರಿಗೆ ಸಲ್ಲದ ರಕ್ಷಣೆ ಇಲ್ಲಿ ನಮಗೆ ಸಲ್ಲಬೇಕೆಂದು ಯಾವ ಬಾಯಿಯಿಂದ ಕೇಳೋಣ? ಆದುದರಿಂದ ನಮ್ಮ ತರುಣ ವಾಚಕರಲ್ಲಿ ನಾವು ವಿನಂತಿಸುವುದಿಷ್ಟೆ. ತೆಲುಗನ್ನು ಕಲಿಯಿರಿ, ಮನೆಯಲ್ಲಿ ಕನ್ನಡವನ್ನು ಬಿಡಬೇಡಿರಿ. ನೀರಿನ ಮಾತು ಬಂದಾಗ ಊರಿನ ಕಡೆಗೂ ಈ ಕಡೆಗೂ ಉರಿಗೆ ಎಣ್ಣೆ ಹೊಯ್ಯಬೇಡಿರಿ; ಗಡಿಯಿಲ್ಲದ ಒಂದೇ ಸಮುದಾಯವೆಂದು ಬಗೆದು ಪಾಲು ಮಾಡಿಕೊಳ್ಳಬೇಕೆಂದ ಆ ದಕ್ಷಿಣ ಕನ್ನಡದ ನ್ಯಾಯಮೂರ್ತಿಗಳನ್ನು ನೆನೆಯಿರಿ. ಈ ನವೆಂಬರ್ 30ರಂದು ಲೆಕ್ಕ ಮುಗಿಸಿದ ಮೇಲೆ ಅವರ ಹೆಸರನ್ನು ಪಕ್ಕದವರಿಗೊಮ್ಮೆ ಹೇಳಿದರೆ ಅದೇ ನಾವು ಸಲ್ಲಿಸಬಹುದಾದ ಗೌರವ.