ಗುಂಡಿ ತುಂಬಿದ ಮೇಲೆ ಯಾರು? ಬಸವಲಿಂಗಪ್ಪ ಬಿಟ್ಟುಹೋದ ಪ್ರಶ್ನೆ

ಎಂಜಿನಿಯರಿಂಗ್ ಓದುವಾಗ ಒಳಚರಂಡಿ ಬಗ್ಗೆ ನಮಗೆ ಪಾಠ ಇತ್ತು. ಕೊಳವೆಗೆ ಎಷ್ಟು ಇಳಿಜಾರು ಕೊಡಬೇಕು, ಎಷ್ಟು ದೂರಕ್ಕೊಂದು ಮ್ಯಾನ್‌ಹೋಲ್ ಇಡಬೇಕು, ಹೊಲಸು ತಳದಲ್ಲಿ ಕೂರದಿರಬೇಕಾದರೆ ನೀರು ಸೆಕೆಂಡಿಗೆ 0.6 ಮೀಟರ್ ವೇಗದಲ್ಲಾದರೂ ಹರಿಯಬೇಕು ಅಂತೆಲ್ಲ ಬಾಯಿಪಾಠ ಮಾಡಿದ್ವಿ. ಕೊಳವೆ ಕಟ್ಟಿಕೊಂಡಾಗ ಒಳಗೆ ಇಳಿಯೋದು ಯಾರು ಅನ್ನುವ ಪ್ರಶ್ನೆ ಮಾತ್ರ ಯಾವ ಪರೀಕ್ಷೆಯಲ್ಲೂ ಬರಲಿಲ್ಲ. ನಾವೂ ಕೇಳಲಿಲ್ಲ. ಐವತ್ತು ವರ್ಷಗಳ ಹಿಂದೆ ವಿಧಾನಸೌಧದಲ್ಲಿ ಕೂತು ಈ ಪ್ರಶ್ನೆಯನ್ನು ಸರ್ಕಾರದ ಪ್ರಶ್ನೆಯಾಗಿ ಮಾಡಿದ ಮಂತ್ರಿಯೊಬ್ಬರಿದ್ದರು. ಅವರು ಬಿ. ಬಸವಲಿಂಗಪ್ಪ.

ಈ ಹೆಸರು ನಿಮಗೆ ಗೊತ್ತಿದ್ದರೆ ಬಹುಶಃ ‘ಬೂಸಾ’ ಅನ್ನುವ ಒಂದೇ ಪದದಿಂದ. ಆ ಪದದ ಗಲಾಟೆಯಲ್ಲಿ ಅವರ ಅದಕ್ಕಿಂತ ದೊಡ್ಡ ಕೆಲಸವೊಂದು ಮರೆತೇಹೋಗಿದೆ.

1924ರಲ್ಲಿ ದಲಿತ ಕುಟುಂಬದಲ್ಲಿ ಹುಟ್ಟಿದ ಬಸವಲಿಂಗಪ್ಪ ಕಾನೂನು ಓದಿ ರಾಜಕಾರಣಕ್ಕೆ ಬಂದವರು. ಇದ್ದದ್ದು ಕಾಂಗ್ರೆಸ್ಸಿನಲ್ಲಿ, ಯೋಚಿಸುತ್ತಿದ್ದದ್ದು ಅಂಬೇಡ್ಕರ್ ದಾರಿಯಲ್ಲಿ. ಮೀಸಲು ಕ್ಷೇತ್ರದಿಂದ ಗೆದ್ದು ಬಂದವರು ತಲೆ ಬಗ್ಗಿಸಿಕೊಂಡು ಇರಬೇಕು ಎಂದು ಪಕ್ಷಗಳು ಬಯಸುತ್ತಿದ್ದ ಕಾಲ ಅದು. ಬಸವಲಿಂಗಪ್ಪನವರಿಗೆ ಆ ಅಭ್ಯಾಸ ಇರಲಿಲ್ಲ. 1972ರಲ್ಲಿ ದೇವರಾಜ ಅರಸು ಮುಖ್ಯಮಂತ್ರಿಯಾದಾಗ ಪೌರಾಡಳಿತ ಖಾತೆ ಅವರ ಕೈಗೆ ಬಂತು.

ಆಗಿನ ನಮ್ಮ ಪಟ್ಟಣಗಳನ್ನು ಒಮ್ಮೆ ಕಲ್ಪಿಸಿಕೊಳ್ಳಿ. ಎಷ್ಟೋ ಮನೆಗಳಲ್ಲಿ ಇದ್ದದ್ದು ನೀರಿಲ್ಲದ ಒಣ ಪಾಯಿಖಾನೆ. ಕೆಳಗೊಂದು ಬಕೆಟ್ಟು, ಹಿಂಬದಿಯಲ್ಲೊಂದು ಕಿಂಡಿ. ಬೆಳಗಾಗುವ ಮುಂಚೆ ಹಿತ್ತಿಲ ಓಣಿಯಿಂದ ಬಂದವರು ಅದನ್ನು ಬಳಿದು, ಬುಟ್ಟಿಗೋ ಡಬ್ಬಕ್ಕೋ ತುಂಬಿ, ತಲೆ ಮೇಲೆ ಹೊತ್ತು ಊರಾಚೆ ಸುರಿದು ಬರಬೇಕಿತ್ತು. ಮಳೆಗಾಲದಲ್ಲಿ ಸೋರಿದ್ದು ಮುಖದ ಮೇಲೆ ಇಳಿಯುತ್ತಿತ್ತು. ಇದೇನು ಕದ್ದುಮುಚ್ಚಿ ನಡೆಯುತ್ತಿದ್ದ ಅಕ್ರಮ ಅಲ್ಲ. ಪುರಸಭೆಗಳೇ ಜಾತಿ ನೋಡಿ ಜನರನ್ನು ಇಟ್ಟುಕೊಂಡು, ಸಂಬಳ ಕೊಟ್ಟು ಮಾಡಿಸುತ್ತಿದ್ದ ಕೆಲಸ.

ಬಸವಲಿಂಗಪ್ಪ ಇದನ್ನು ನಿಷೇಧಿಸಿದರು. ಮನುಷ್ಯರು ಮನುಷ್ಯರ ಮಲವನ್ನು ತಲೆ ಮೇಲೆ ಹೊರುವುದು ಇನ್ನು ಈ ರಾಜ್ಯದಲ್ಲಿ ನಡೆಯಬಾರದು ಎಂದು ಸರ್ಕಾರದಿಂದ ಹೇಳಿಸಿದರು. ಆಗ ದೇಶದಲ್ಲಿ ಇದರ ವಿರುದ್ಧ ಕೇಂದ್ರದ ಕಾನೂನೇ ಇರಲಿಲ್ಲ. ಅದು ಬಂದದ್ದು 1993ರಲ್ಲಿ. ಬಸವಲಿಂಗಪ್ಪ ತೀರಿಕೊಂಡದ್ದು 1992ರ ಡಿಸೆಂಬರಿನಲ್ಲಿ. ತಾವು ಇಪ್ಪತ್ತು ವರ್ಷ ಮೊದಲೇ ಮಾಡಿದ್ದನ್ನು ಸಂಸತ್ತು ಒಪ್ಪಿಕೊಂಡದ್ದನ್ನು ನೋಡಲು ಅವರಿರಲಿಲ್ಲ.

ಮಂತ್ರಿಗಿರಿ ಹೆಚ್ಚು ದಿನ ಉಳಿಯಲಿಲ್ಲ. 1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎನ್ನುವ ಅರ್ಥದ ಮಾತಾಡಿದರು. ದಲಿತ ಹುಡುಗರು ಇಂಗ್ಲಿಷ್ ಕಲಿತು ಮುಂದೆ ಬರಬೇಕು ಅನ್ನುವುದು ಆ ಮಾತಿನ ಹಿಂದಿದ್ದ ಕಾಳಜಿ. ಕಾಲೇಜುಗಳು ಬೀದಿಗಿಳಿದವು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಕುವೆಂಪು ಅವರಂಥವರು ಬಸವಲಿಂಗಪ್ಪನವರ ಪರ ನಿಂತರೂ ಅರಸು ರಾಜೀನಾಮೆ ಪಡೆದರು. ಊರಿನ ಹೊಲಸನ್ನು ತಲೆ ಮೇಲೆ ಹೊರುತ್ತಿದ್ದವರಿಗಾಗಿ ಒಂದು ದಿನವೂ ಹೀಗೆ ಬೀದಿಗಿಳಿಯದ ನಾಡು, ಒಂದು ಪದಕ್ಕಾಗಿ ಇಳಿಯಿತು. ಅದೇ ಸಿಟ್ಟಿನಿಂದ ಮುಂದೆ ದಲಿತ ಸಂಘರ್ಷ ಸಮಿತಿ ಹುಟ್ಟಿತು ಅನ್ನೋದು ಬೇರೆ ಕಥೆ. ಬಸವಲಿಂಗಪ್ಪ ಮತ್ತೆ ಮಂತ್ರಿಯಾದರು. ಸರ್ಕಾರ ದಲಿತರಿಗೆ ಕೊಟ್ಟ ಜಮೀನು ಪರಭಾರೆಯಾಗದಂತೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯ ಜೊತೆಗೂ ಅವರ ಹೆಸರು ಬೆಸೆದುಕೊಂಡಿದೆ.

ಹಾಗಂತ ಅವರ ನಿಷೇಧದಿಂದ ಎಲ್ಲ ಮುಗಿಯಿತು ಅಂದರೆ ಸುಳ್ಳು ಹೇಳಿದಂತೆ. ಅದು ಬುಟ್ಟಿಯನ್ನು ತಲೆಯಿಂದ ಇಳಿಸಿತು, ಆದರೆ ಕೈಗಳನ್ನು ಬಿಡಿಸಲಿಲ್ಲ. ಒಣ ಪಾಯಿಖಾನೆಗಳನ್ನು ಒಡೆದು ನೀರಿನ ಪಾಯಿಖಾನೆ ಕಟ್ಟುವುದಕ್ಕೆ, ಆ ಜನರಿಗೆ ಬೇರೆ ಬದುಕು ಕೊಡುವುದಕ್ಕೆ ದುಡ್ಡು ಬೇಕು, ಮನಸ್ಸೂ ಬೇಕು. ಎರಡೂ ನಿಧಾನವಾದವು. 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನ ಭಂಗಿ ಕುಟುಂಬದವರು ಪುರಸಭೆಯೆದುರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. ಆ ಹೊತ್ತಿಗೆ ನಿಷೇಧಕ್ಕೆ ಮೂರು ದಶಕ ಮೀರಿತ್ತು.

ಇದೆಲ್ಲ ಪಟ್ಟಣಗಳ ಕಥೆಯಾಯಿತು. ಈಗ ಹಳ್ಳಿಗೆ ಬರೋಣ, ಯಾಕೆಂದರೆ ಪ್ರಶ್ನೆ ಈಗ ಅಲ್ಲಿಗೂ ಬಂದಿದೆ. ಹನೂರು ತಾಲೂಕಿನ ಮಾರ್ಟಳ್ಳಿಯನ್ನೇ ತಗೊಳ್ಳಿ. ಮಲೆ ಮಹದೇಶ್ವರ ಬೆಟ್ಟದ ಸೀಮೆಯ, ತಮಿಳುನಾಡಿನ ಗಡಿಯ ಊರು. ಕನ್ನಡ, ತಮಿಳು ಎರಡೂ ಕಿವಿಗೆ ಬೀಳುತ್ತವೆ. ಈ ಕೊಳ್ಳೇಗಾಲದ ಸೀಮೆ 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಅಂದು ಮದರಾಸಿಗೂ ದೂರ, ಇಂದು ಬೆಂಗಳೂರಿಗೂ ದೂರ.

ಇಂಥ ಊರಿಗೆ ಪಟ್ಟಣದ ಥರ ಒಳಚರಂಡಿ ತರಬಹುದಾ? ಲೆಕ್ಕ ನೋಡಿ. ಕೊಳವೆಯಲ್ಲಿ ಹೊಲಸು ನಿಲ್ಲದೆ ಹರಿಯಬೇಕಾದರೆ ತಲೆಗೆ ದಿನಕ್ಕೆ 135 ಲೀಟರ್ ನೀರು ಬೇಕು ಅನ್ನುವುದು ನಗರಗಳಿಗೆ ಇಟ್ಟುಕೊಂಡಿರುವ ಅಳತೆ. ಜಲಜೀವನ್ ಮಿಷನ್ ಹಳ್ಳಿಗೆ ಕೊಡುತ್ತೇನೆ ಅನ್ನೋದು 55 ಲೀಟರ್. ಹಾಗಾಗಿ ಹಳ್ಳಿಗಳ ಪಾಲಿಗೆ ಉಳಿದದ್ದು ಗುಂಡಿಯೇ. 2014ರಲ್ಲಿ ಶುರುವಾದ ಸ್ವಚ್ಛ ಭಾರತ್‌ನಲ್ಲಿ ಸರ್ಕಾರ ಹೇಳಿದ ಮಾದರಿ ಎರಡು ಗುಂಡಿಯದು. ಒಂದು ತುಂಬಿದರೆ ಇನ್ನೊಂದಕ್ಕೆ ತಿರುಗಿಸಬೇಕು. ಮುಚ್ಚಿಟ್ಟದ್ದು ಒಂದೆರಡು ವರ್ಷದಲ್ಲಿ ವಾಸನೆಯಿಲ್ಲದ ಗೊಬ್ಬರವಾಗುತ್ತದೆ, ಮನೆಯವರೇ ತೆಗೆದು ಹೊಲಕ್ಕೆ ಹಾಕಬಹುದು. ಎಂಜಿನಿಯರ್ ಆಗಿ ನೋಡಿದರೆ ಅಗ್ಗದ, ಜಾಣ ಉಪಾಯ.

ಆದರೆ ಎರಡು ಸಣ್ಣ ಗುಂಡಿ ಬೇಡ, ಒಂದೇ ದೊಡ್ಡದು ತೋಡಿ ಅನ್ನುವ ಮನೆಗಳು ಎಲ್ಲ ಕಡೆ ಇವೆ. ಗೊಬ್ಬರವಾದ ಮೇಲೂ ಅದನ್ನು ಮುಟ್ಟುವುದು ನಮ್ಮ ಕೆಲಸ ಅಲ್ಲ ಅನ್ನುವ ಭಾವನೆ ಇದರ ಹಿಂದಿದೆ. ಅದು ಯಾರ ಕೆಲಸ ಅಂತ ಊರಿಗೆ ಮೊದಲೇ ಗೊತ್ತಿದೆ. ಇಂದು ತೋಡಿದ ದೊಡ್ಡ ಗುಂಡಿ ಎಂದಾದರೂ ತುಂಬಲೇಬೇಕು. ಸಕ್ಕಿಂಗ್ ಮಷಿನ್ ಪಟ್ಟಣದಿಂದ ಬೆಟ್ಟದ ರಸ್ತೆಯಲ್ಲಿ ಬರಬೇಕಾದರೆ ಬಾಡಿಗೆ ದುಬಾರಿ. ಆಗ ಯಾವ ಕೇರಿಗೆ ಕರೆ ಹೋಗುತ್ತದೆ ಅನ್ನೋದನ್ನು ನಿಮಗೆ ಬಿಡಿಸಿ ಹೇಳಬೇಕಾ?

2013ರ ಕಾಯ್ದೆಯ ಪ್ರಕಾರ ಹಾಗೆ ಯಾರನ್ನಾದರೂ ರಕ್ಷಣೆಯಿಲ್ಲದೆ ಗುಂಡಿಗೆ ಇಳಿಸುವುದು ಅಪರಾಧ. ಸತ್ತರೆ ಕುಟುಂಬಕ್ಕೆ 30 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಆದರೆ ಆ ದುಡ್ಡು ಬರೋದು ಹೆಣ ಮೇಲೆ ಬಂದ ನಂತರ. ಅದಕ್ಕೂ ಮುಂಚೆ ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ನಾಲ್ಕಾರು ಪಂಚಾಯಿತಿಗಳು ಸೇರಿ ಒಂದು ಸಕ್ಕಿಂಗ್ ಗಾಡಿ ಇಟ್ಟುಕೊಳ್ಳಬಹುದು. ಹೊಲಸನ್ನು ಹಳ್ಳಕ್ಕೋ ಕಾಡಿನಂಚಿಗೋ ಸುರಿಯದೆ ಗೊಬ್ಬರ ಮಾಡುವ ಘಟಕ ಕಟ್ಟಬಹುದು. ದೇವನಹಳ್ಳಿ 2015ರಲ್ಲೇ ಅಂಥದ್ದೊಂದನ್ನು ಶುರು ಮಾಡಿ ತೋರಿಸಿದೆ.

ಬಸವಲಿಂಗಪ್ಪ ಎಂಜಿನಿಯರ್ ಅಲ್ಲ. ಆದರೂ ಯೋಜನೆಯ ನಕ್ಷೆಯಲ್ಲಿ ಕಾಣದ ಆ ಮನುಷ್ಯ ಅವರಿಗೆ ಕಂಡಿದ್ದ. ನಿಮ್ಮೂರಿನ ಮುಂದಿನ ಗ್ರಾಮಸಭೆಯಲ್ಲಿ ಶೌಚಾಲಯದ ಲೆಕ್ಕ ಓದುವಾಗ ಕೈ ಎತ್ತಿ. ಎಷ್ಟು ಕಟ್ಟಿದಿರಿ ಅಂತ ಕೇಳಬೇಡಿ, ಅದನ್ನು ಅವರೇ ಹೇಳುತ್ತಾರೆ. ತುಂಬಿದಾಗ ಖಾಲಿ ಮಾಡೋದು ಯಾವ ಗಾಡಿ, ಸುರಿಯೋದು ಎಲ್ಲಿ, ದುಡ್ಡು ಯಾರದು ಅಂತ ಕೇಳಿ. ಉತ್ತರ ನಡಾವಳಿ ಪುಸ್ತಕದಲ್ಲಿ ದಾಖಲಾಗುವವರೆಗೂ ಕೂರಬೇಡಿ.